ಎದುರುಬದುರಾದ ಎರಡು ಬಾಗಿಲುಗಳು

ದೇವರಿಗೆಂದು ಕೂಡಿಸಿದ ಹಣವನ್ನು ಆಲಯಕ್ಕೆ ವೆಚ್ಚಮಾಡಬೇಕೋ, ದೀನರಿಗೆ ವೆಚ್ಚಮಾಡಬೇಕೋ? ಈ ಪ್ರಶ್ನೆಯು ಸಣ್ಣ ಸಭೆಗಳಲ್ಲಿಯೂ ಹುಟ್ಟಿ ಸಹೋದರರ ನಡುವೆ ಮನಸ್ತಾಪವನ್ನು ಉಂಟುಮಾಡುವದುಂಟು. ಇದನ್ನು ವಿಚಾರಿಸುವದಕ್ಕೆ ಇಟಲಿ ದೇಶದ ಗುಡ್ಡದ ಮೇಲಿರುವ ಸಿಯೆನಾ ಎಂಬ ಪಟ್ಟಣವು ನಮಗೆ ಸಹಾಯವಾಗುವದು.

ಅಲ್ಲಿ ಕಪ್ಪು ಬಿಳುಪು ಪಟ್ಟೆಗಳುಳ್ಳ ಅಮೃತಶಿಲೆಯ ದೊಡ್ಡ ದೇವಾಲಯವಿದೆ. ಅದು ಸಾಲದೆಂದು ಪಟ್ಟಣದವರು 1339ರಲ್ಲಿ, ಅದನ್ನು ಅಡ್ಡಭಾಗವನ್ನಾಗಿ ಮಾತ್ರ ಉಳಿಸಿಕೊಂಡು, ಬಹು ವಿಶಾಲವಾದ ಆಲಯವನ್ನು ಕಟ್ಟಲು ನಿರ್ಣಯಿಸಿದರು. ಗೋಡೆಗಳು ಏಳುತ್ತಿರುವಾಗ, 1348ರಲ್ಲಿ, ಮಹಾಮಾರಿಯು ಬಂದು ಸಾವಿರಾರು ಜನರನ್ನು ಕೊಂಡೊಯ್ದಿತು. ಕಟ್ಟಡದಲ್ಲಿಯೂ ದೋಷಗಳು ಕಂಡುಬಂದವು. ಕೆಲವು ವರ್ಷಗಳಲ್ಲಿ ಕೆಲಸವನ್ನು ಬಿಟ್ಟುಬಿಟ್ಟರು. ಮುಗಿಯದ ಆ ಎತ್ತರವಾದ ಗೋಡೆಯು ಇಂದಿಗೂ ನಿಂತಿದೆ. ಇದು ಗರ್ವಕ್ಕೆ ಬಂದ ಶಿಕ್ಷೆಯೆಂದು ಹೇಳುವದು ಸುಲಭ. ಆದರೆ ಆ ತೀರ್ಪು ನಮ್ಮದಲ್ಲ. ಯಾಕಂದರೆ ಆಲಯ ಕಟ್ಟದೆ ಇದ್ದ ಊರುಗಳನ್ನೂ ಮಾರಿಯು ಬಿಡಲಿಲ್ಲ.

ದೇವಾಲಯದ ಮೆಟ್ಟಲುಗಳ ಎದುರಿಗೇ ಮತ್ತೊಂದು ಕಟ್ಟಡವಿದೆ. ಆ ಮೆಟ್ಟಲುಗಳಿಂದಲೇ ಅದಕ್ಕೆ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಎಂಬ ಹೆಸರಾಯಿತು. 11ನೆಯ ಶತಮಾನದ ಅಂತ್ಯದ ಹೊತ್ತಿಗೇ ಇದ್ದ ಧರ್ಮಾಸ್ಪತ್ರೆ ಅದು. ಯಾತ್ರಿಕರಿಗೆ ಆಶ್ರಯ, ಬಡವರಿಗೆ ಅನ್ನ, ರೋಗಿಗಳಿಗೆ ಶುಶ್ರೂಷೆ, ಹೆತ್ತವರು ಬಿಟ್ಟುಹೋದ ಕೂಸುಗಳಿಗೆ ಪೋಷಣೆ ಅಲ್ಲಿ ದೊರಕುತ್ತಿದ್ದವು. ಹಾಗೆ ಬೆಳೆದ ಹೆಣ್ಣುಮಕ್ಕಳಿಗೆ ಮದುವೆಯ ಕಾಲದಲ್ಲಿ ಧನವನ್ನೂ ಕೊಡುತ್ತಿದ್ದರು. 1440ರ ನಂತರದ ಕೆಲವು ವರ್ಷಗಳಲ್ಲಿ ದೊಮೆನಿಕೊ ದಿ ಬಾರ್ತೊಲೊ ಎಂಬ ಚಿತ್ರಗಾರನು ಅಲ್ಲಿಯ ಗೋಡೆಗಳ ಮೇಲೆ ಈ ಸೇವೆಗಳನ್ನೇ ಬರೆದನು. 20ನೆಯ ಶತಮಾನದಲ್ಲಿಯೂ ರೋಗಿಗಳು ಆ ಚಿತ್ರಗಳ ಕೆಳಗೆ ಮಲಗುತ್ತಿದ್ದರು. ಈಗ ಅದು ವಸ್ತುಸಂಗ್ರಹಾಲಯ. ದೊಡ್ಡ ಆಲಯದ ಕೆಲಸವು ನಿಂತರೂ ಈ ಬಾಗಿಲಿನ ಕೆಲಸವು ಶತಮಾನಗಳ ವರೆಗೆ ನಿಲ್ಲಲಿಲ್ಲ.

ಆಸ್ಪತ್ರೆಗೆ ಹೊಲಗದ್ದೆಗಳನ್ನು ಕೊಟ್ಟವರಲ್ಲಿ ಅನೇಕರು ತಮ್ಮ ಆತ್ಮದ ಲಾಭಕ್ಕಾಗಿಯೇ ಕೊಟ್ಟರು. ರಕ್ಷಣೆಯು ಕ್ರಯಕ್ಕೆ ಸಿಗುವದಲ್ಲವೆಂದು ನಾವು ನಂಬುತ್ತೇವೆ. ಆದರೆ ಕೃಪೆಯನ್ನು ಧರ್ಮಾರ್ಥವಾಗಿ ಹೊಂದಿದ ನಾವು, ಅದನ್ನು ಕೊಂಡುಕೊಳ್ಳಲು ಯತ್ನಿಸಿದವರಿಗಿಂತ ಕಡಿಮೆ ಕೊಡುವದಾದರೆ, ನಮ್ಮ ಉಪದೇಶವು ಸರಿಯಾಗಿದ್ದೂ ನಮ್ಮ ಕೈ ಬತ್ತಿದ್ದಾಗಿರುವದು.

ಆದಕಾರಣ ಆಲಯವು ಬೇಡವೆನ್ನಬಾರದು. ಕರುಣೆಯನ್ನು ನಾವು ಕಲಿಯುವದು ಅಲ್ಲಿಯೇ. ಆದರೆ ಆಲಯಕ್ಕೆ ಹಂಚು ಹೊದಿಸುವ ಮೊದಲು ಸಭೆಯ ಹಿರಿಯರು ಒಂದು ಮಾತನ್ನು ಕೇಳಿಕೊಳ್ಳಲಿ: ಆರಾಧನೆ ಮುಗಿಸಿ ಹೊರಗೆ ಬರುವವನಿಗೆ ಎದುರಿಗೆ ಯಾರ ಬಾಗಿಲು ಕಾಣುತ್ತದೆ? ಅಲ್ಲಿ ವಿಧವೆಯೋ ರೋಗಿಯೋ ಕಾದಿದ್ದರೆ, ಆ ಬಾಗಿಲಿನ ವರೆಗೂ ನಡೆದಾಗಲೇ ಆ ದಿನದ ಆರಾಧನೆಯು ಪೂರ್ಣವಾಗುವದು.