ಬಿಡಬೇಕಾದ ಗಂಟು

ಮಲ್ಪೆಯ ಬಂದರಿನಲ್ಲಿ ಹರಿದ ಬಲೆಗಳನ್ನು ಹರಡಿಕೊಂಡು ಸರಿಪಡಿಸುವವರನ್ನು ನೀವು ನೋಡಿರಬಹುದು. ಬಲೆಯಲ್ಲಿ ಗಂಟುಗಳು ಸಾವಿರಾರು. ನಡುವೆ ಎಲ್ಲೋ ಒಂದು ಬಿಚ್ಚಿಕೊಂಡರೆ ನಾಲ್ಕು ಮೀನು ತಪ್ಪಿಸಿಕೊಂಡಾವು, ಅಷ್ಟೇ. ಬಲೆಯನ್ನು ಹಗ್ಗಕ್ಕೆ ಸೇರಿಸಿದ ಕಟ್ಟುಗಳೇ ಕಳಚಿದರೆ ಇಡೀ ಬಲೆ ನಿರುಪಯುಕ್ತ. ರೋಗಾಣುವಿನೊಳಗೆ ಯಾವ ಪ್ರೋಟೀನು ಯಾವುದರೊಡನೆ ಕೂಡಿ ಕೆಲಸ ಮಾಡುತ್ತದೆ ಎಂಬುದನ್ನೂ ವಿಜ್ಞಾನಿಗಳು ಇಂಥದೇ ಜಾಲವಾಗಿ ಚಿತ್ರಿಸುತ್ತಾರೆ. ಯಾವ ಗಂಟನ್ನು ಕಡಿದರೆ ರೋಗಾಣು ಬದುಕಲಾರದೆಂದು ಗಣಕಯಂತ್ರದಲ್ಲಿ ಲೆಕ್ಕಹಾಕಿ, ಹೊಸ ಔಷಧಿಗೆ ಗುರಿಯನ್ನು ಹುಡುಕುತ್ತಾರೆ.

ಇದು ಪರದೇಶದ ಮಾತಷ್ಟೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ರಾಮನ್, ನಾಗಸುಮಾ ಚಂದ್ರ ಮತ್ತು ಸಂಗಡಿಗರು ಕ್ಷಯರೋಗದ ಬ್ಯಾಕ್ಟೀರಿಯವನ್ನು ಹೀಗೆ ಪರಿಶೀಲಿಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದರ ಸುಮಾರು 4,000 ಪ್ರೋಟೀನುಗಳನ್ನು ಸೋಸುತ್ತ ಹೋದಾಗ ಉಳಿದ ಗುರಿಗಳು 451. ಈ ಸೋಸುವಿಕೆಯ ಒಂದು ಹಂತದಲ್ಲಿ ನಾವು ತುಸು ನಿಲ್ಲಬೇಕು. ರೋಗಾಣುವಿಗೆ ಅತ್ಯಗತ್ಯವಾದ ಪ್ರೋಟೀನೇ ಆಗಿದ್ದರೂ, ಅದು ಮನುಷ್ಯನ ಪ್ರೋಟೀನನ್ನು ನಿಕಟವಾಗಿ ಹೋಲುತ್ತಿದ್ದರೆ ಅದನ್ನು ಪಟ್ಟಿಯಿಂದ ಕೈಬಿಡಬೇಕು. ನಮ್ಮ ಕರುಳಿನಲ್ಲಿ ನೆಲೆಸಿರುವ ಉಪಕಾರಿ ಸೂಕ್ಷ್ಮಜೀವಿಗಳ ಪ್ರೋಟೀನುಗಳೊಡನೆಯೂ ಹೋಲಿಸಿ ನೋಡಲಾಯಿತು. ಎಲ್ಲಿ ಹೊಡೆಯಬೇಕೆಂಬ ಪ್ರಶ್ನೆಯೊಳಗೇ ಯಾರಿಗೆ ಪೆಟ್ಟಾಗಬಾರದೆಂಬ ಪ್ರಶ್ನೆಯೂ ಅಡಗಿದೆ, ನೋಡಿ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕಠಿಣ.

ಹಿಂದೆ ಈ ಆಯ್ಕೆಗೆ ಅವಕಾಶವೇ ಇರಲಿಲ್ಲ. 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಅಸಂಖ್ಯ ಕ್ಷಯರೋಗಿಗಳನ್ನು ಉಳಿಸಿತು. ಕೆಲವರ ಕಿವಿಯನ್ನೂ ಕಸಿದುಕೊಂಡಿತು. ಸಾವು ಬಾಗಿಲಲ್ಲಿ ನಿಂತಿರುವಾಗ ಆ ಚುಚ್ಚುಮದ್ದನ್ನು ಕೊಟ್ಟ ವೈದ್ಯರನ್ನು ದೂಷಿಸುವುದು ಅನ್ಯಾಯ. ಆದರೆ ಪ್ರಾಣ ಉಳಿಯಿತಲ್ಲ, ಮಿಕ್ಕದ್ದನ್ನು ಸಹಿಸಿಕೊಳ್ಳಲಿ ಎನ್ನುವುದು, ಹಾನಿಯನ್ನು ಮೊದಲೇ ಗುರುತಿಸಬಲ್ಲ ಕಾಲದಲ್ಲಿ ಒಪ್ಪತಕ್ಕ ಮಾತಲ್ಲ.

ಜಾಲದ ನಕ್ಷೆಯೇ ಔಷಧಿಯಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ 2012ರಲ್ಲಿ ಮಂಜೂರಾದ ಬೆಡಾಕ್ವಿಲಿನ್ ದೊರೆತದ್ದು ಅನೇಕ ರಾಸಾಯನಿಕಗಳನ್ನು ಜೀವಂತ ಬ್ಯಾಕ್ಟೀರಿಯದ ಮೇಲೆ ಪ್ರಯೋಗಿಸಿದಾಗ. ಅದು ರೋಗಾಣುವಿನ ಶಕ್ತಿ ತಯಾರಿಸುವ ಕಿಣ್ವವನ್ನು ತಡೆಯುತ್ತದೆಂದು ತಿಳಿದದ್ದು ಆಮೇಲೆ. ಗುರಿಯ ಪಟ್ಟಿಯಿಂದ ಗುಳಿಗೆಯವರೆಗಿನ ದಾರಿ ದೀರ್ಘ, ಖರ್ಚಿನದು. ಬಡವರನ್ನೇ ಹೆಚ್ಚಾಗಿ ಕಾಡುವ ರೋಗಕ್ಕೆ ಆ ಹಣ ಹೂಡಲು ಮುಂದೆ ಬರುವವರು ಕಡಿಮೆ.

ಇನ್ನು ಹಾನಿಯೆಂದರೆ ದೇಹದ ಹಾನಿ ಮಾತ್ರವೇ? ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟ ಬೋಟು ದಡ ಸೇರಲು ಎಷ್ಟೋ ದಿನಗಳಾಗುತ್ತವೆ. ಅಂಥ ದುಡಿಮೆಯವನಿಗೆ ಕ್ಷಯ ಬಂದರೆ ಸಾಮಾನ್ಯ ಚಿಕಿತ್ಸೆಗೇ ಆರು ತಿಂಗಳು. ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ಕೊಡುವ ಸಹಾಯಧನವನ್ನು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿಸಲಾಗಿದೆ. ಮನೆಯ ಒಲೆ ಉರಿಯಲು ಅಷ್ಟು ಸಾಲದು. ಔಷಧಿಗೆ ಬಗ್ಗದ ಕ್ಷಯವಾದರೆ 20 ತಿಂಗಳವರೆಗೂ ಚಿಕಿತ್ಸೆ ನಡೆಯುತ್ತಿತ್ತು. ಬೆಡಾಕ್ವಿಲಿನ್ ಸೇರಿದ ನಾಲ್ಕು ಔಷಧಿಗಳ ಹೊಸ ಕ್ರಮಕ್ಕೆ ಭಾರತ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಆರು ತಿಂಗಳು ಸಾಕು. ಗುರಿಗಳನ್ನು ಸೋಸುವವರು ಈ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಲೆಂದು ಮೀನುಗಾರನ ಮನೆಯವರು ಕೇಳಿದರೆ, ಅದು ವಿಜ್ಞಾನಕ್ಕೆ ಹೊರಗಿನ ಬೇಡಿಕೆಯೆಂದು ನೀವು ಹೇಳುವಿರಾ?