ಬಿತ್ತನೆ ಕಾಳು

ಅಪ್ಪನ ಆಪರೇಷನ್‌ಗೆಂದು ಗೆಳೆಯ ಪಿಎಫ್ ಪೂರ್ತಿ ತೆಗೆದಾಗ, ‘ಮುಂದಿನದ್ದು ಯೋಚನೆ ಮಾಡಬಾರದೇನೋ?’ ಅಂದುಬಿಟ್ಟಿದ್ದೆ. ಮೊನ್ನೆ 1315ರ ಯುರೋಪಿನ ಮಹಾಕ್ಷಾಮದ ಬಗ್ಗೆ ಓದುವಾಗ ಆ ಮಾತು ನನಗೇ ಚುಚ್ಚಿತು.

ಹವೆ ತಣ್ಣಗಾಗುತ್ತಿದ್ದ ಕಾಲ ಅದು. ವಸಂತದಲ್ಲಿ ಹಿಡಿದ ಮಳೆ ಬೇಸಿಗೆಯಲ್ಲೂ ಬಿಡಲಿಲ್ಲ. ಪೈರು ಹೊಲದಲ್ಲೇ ಕೊಳೆಯಿತು. ಆಗಸ್ಟಿನಲ್ಲಿ ಸೇಂಟ್ ಆಲ್ಬನ್ಸ್‌ಗೆ ಬಂದ ಇಂಗ್ಲೆಂಡಿನ ದೊರೆ ಎರಡನೇ ಎಡ್ವರ್ಡನಿಗೇ ಬ್ರೆಡ್ ಸಿಗೋದು ಕಷ್ಟವಾಯ್ತಂತೆ. ಇನ್ನು ರೈತರ ಪಾಡು? ಉಳುವ ಎತ್ತು ಕಡಿದು ತಿಂದರು, ಕೊನೆಗೆ ಬಿತ್ತನೆ ಕಾಳನ್ನೂ ತಿಂದರು. 1317ರಲ್ಲಿ ಹವಾಮಾನ ಸುಧಾರಿಸಿತು. ಆದರೆ ಬಿತ್ತಲು ಬೀಜ ಸಾಲದೆ, ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು.

ಅವರು ಮಾಡಿದ್ದು ತಪ್ಪಾ? ಮುಂದಿನ ಬೆಳೆ ಮುಖ್ಯ, ನಿಜ. ಅದನ್ನು ಉಣ್ಣಬೇಕಾದ ಮಗುವೇ ಇವತ್ತು ಸಾಯ್ತಿದ್ದರೆ? ದೂರದೃಷ್ಟಿ ಒಳ್ಳೆಯ ಗುಣವೇ. ಆದರೆ ಹೊಟ್ಟೆ ತುಂಬಿದವನು ಅದರಿಂದ ಹಸಿದವನನ್ನು ಅಳೆಯಬಾರದು.

ಗೆಳೆಯನಿಗೆ ಫೋನ್ ಮಾಡಿದೆ. ‘ಅಪ್ಪ ಹೇಗಿದ್ದಾರೋ?’ ಅಂತ ಕೇಳಿದೆ. ಅವತ್ತೇ ಕೇಳಬೇಕಿತ್ತು.