ಬೀದಿಯ ಪ್ರತಿಮೆ ಯಾರ ಸ್ವತ್ತು?

ಕೋಪನ್‌ಹೇಗನ್ ನಗರದ ಕಡಲಂಚಿನಲ್ಲಿ ಬಂಡೆಯ ಮೇಲೆ ಕುಳಿತ ಮತ್ಸ್ಯಕನ್ಯೆಯ ಕಂಚಿನ ಪ್ರತಿಮೆಯೊಂದುಂಟು. ಎಡ್ವರ್ಡ್ ಎರಿಕ್ಸೆನ್ ಎಂಬ ಶಿಲ್ಪಿಯ ಕೃತಿಯಾದ ಅದನ್ನು ಅಲ್ಲಿ ನಿಲ್ಲಿಸಿದ್ದು 1913ರಲ್ಲಿ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಛಾಯಾಚಿತ್ರವನ್ನು ಅಚ್ಚುಹಾಕಿ ಮಾರುವುದಕ್ಕೆ ಮಾತ್ರ ಶಿಲ್ಪಿಯ ವಾರಸುದಾರರ ಸಮ್ಮತಿ ಬೇಕು. ಶಿಲ್ಪಿಯು 1959ರಲ್ಲಿ ತೀರಿಕೊಂಡುದರಿಂದ ಈ ಹಕ್ಕು 2029ರ ಕೊನೆಯವರೆಗೂ ನಡೆಯತಕ್ಕದ್ದು.

ನಮ್ಮ 1957ರ ಕೃತಿಸ್ವಾಮ್ಯ ಶಾಸನವಾದರೋ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪದ ಚಿತ್ರವನ್ನು ಪ್ರಕಟಿಸುವುದು ತಪ್ಪಲ್ಲವೆನ್ನುತ್ತದೆ. ಒಂದೇ ಚಿತ್ರವು ಒಂದು ದೇಶದಲ್ಲಿ ನಿರ್ದೋಷ, ಇನ್ನೊಂದರಲ್ಲಿ ಸದೋಷ. ಹಾಗಾದರೆ ನ್ಯಾಯವು ಯಾವ ಪಕ್ಷದಲ್ಲಿದೆ?

ಶಿಲ್ಪಿಯ ಪಕ್ಷವು ದುರ್ಬಲವಾದುದಲ್ಲ. ವಾಷಿಂಗ್ಟನ್ನಿನ ಕೊರಿಯಾ ಯುದ್ಧಸ್ಮಾರಕದ ಸೈನಿಕ ಪ್ರತಿಮೆಗಳ ಚಿತ್ರವನ್ನು ಅಮೆರಿಕದ ಅಂಚೆ ಇಲಾಖೆಯು ಶಿಲ್ಪಿ ಫ್ರಾಂಕ್ ಗೇಲಾರ್ಡನನ್ನು ಕೇಳದೆ ಅಂಚೆಚೀಟಿಯಲ್ಲಿ ಅಚ್ಚುಹಾಕಿಸಿತು. ಅವನು ದಾವೆ ಹೂಡಲು, ನ್ಯಾಯಾಲಯವು 2013ರಲ್ಲಿ 6,84,000ಕ್ಕೂ ಮಿಕ್ಕ ಡಾಲರುಗಳನ್ನು ಕೊಡಿಸಿತು. ಪರರ ದುಡಿಮೆಯಿಂದ ಲಾಭ ಪಡೆದವನು ಅದರಲ್ಲಿ ಪಾಲು ಕೊಡಬೇಕೆಂಬುದು ಲೋಕವೊಪ್ಪಿದ ಮಾತೇ.

ಆದರೂ ಬೀದಿಗೆ ಬಂದ ಪ್ರತಿಮೆಯು ಊರಿನ ಅಂಗವಾಗಿಬಿಡುತ್ತದೆ. ತನ್ನ ಊರಿನ ಚಿತ್ರವನ್ನು ಪರದೇಶದ ನಂಟನಿಗೆ ಕಳುಹಿಸುವವನು ಅದರ ನಡುವಣ ಪ್ರತಿಮೆಯನ್ನು ಅಳಿಸಿ ಕಳುಹಿಸಲಾದೀತೆ? ಬಯಲಿನಲ್ಲಿ ನಿಲ್ಲಿಸಲೆಂದೇ ಕೃತಿಯನ್ನು ಕೊಟ್ಟ ಶಿಲ್ಪಿಯು ಅದರ ನೋಟವನ್ನು ಊರಿಗೆ ಒಪ್ಪಿಸಿದನೆಂದೇ ಭಾವಿಸಬೇಕು. ಅಂಥದೇ ಇನ್ನೊಂದು ಪ್ರತಿಮೆಯನ್ನು ಎರಕ ಹೊಯ್ದು ಮಾರುವುದು ಬೇರೆ ಮಾತು. ಅದಕ್ಕೆ ನಮ್ಮ ಶಾಸನವೂ ಈ ವಿನಾಯಿತಿಯನ್ನು ಕೊಟ್ಟಿಲ್ಲ.

ಇಷ್ಟಾದರೂ ಋಣವೊಂದು ಉಳಿಯುತ್ತದೆ. ನೋಟವು ಎಲ್ಲರದಾದರೂ ಕಡೆದ ಕೈ ಒಬ್ಬನದು. ಚಿತ್ರದ ಕೆಳಗೆ ಆ ಶಿಲ್ಪಿಯ ಹೆಸರನ್ನು ಬರೆಯುವುದಕ್ಕೆ ಹಣ ಬೇಕಾಗಿಲ್ಲ, ಮನಸ್ಸಿದ್ದರೆ ಸಾಕು.